ಬೂಷ್ಟಿಗೂ ಬೆಳಕು ಗೊತ್ತು



ಕಬ್ಬು ಕಡಿದು ತರಗಿಗೆ ಬೆಂಕಿ ಕೊಟ್ಟ ಗದ್ದೆಯಲ್ಲಿ ಕೆಲವು ದಿನಗಳ ತರುವಾಯ ಸುಟ್ಟ ಮೋಟುಗಳ ಮೇಲೆ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಳ್ಳುವುದುಂಟು. ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಊದಿದರೆ ಗಾಳಿಗೆ ಹಾರುತ್ತದೆ. ಇದನ್ನು ಕಂಡವರು, "ಸಾರ್, ಇದು ಯಾವ ರೋಗ? ಕೂಳೆಗೆ ತಗಲುತ್ತದೆಯೇ? ಯಾವ ಔಷಧಿ ಹೊಡೆಯಬೇಕು?" ಎಂದು ಕೇಳುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಕಬ್ಬಿನ ರೋಗವಲ್ಲ. ಇದಕ್ಕೆ ಯಾವ ಔಷಧಿಯೂ ಬೇಕಾಗಿಲ್ಲ. ಸುಟ್ಟು ಸತ್ತ ಭಾಗವನ್ನು ತಿಂದು ಬದುಕುವ ಒಂದು ಬೂಷ್ಟು ಇದು. ಆದರೆ ಈ ಬೂಷ್ಟಿನ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಶಿಲೀಂಧ್ರಗಳು ಬೆಳಕನ್ನು ಹೇಗೆ ಅರಿಯುತ್ತವೆ ಎಂಬುದನ್ನು ವಿಜ್ಞಾನಿಗಳು ಬಹುಮಟ್ಟಿಗೆ ಕಲಿತದ್ದು ಇದರ ಬಳಗದಿಂದಲೇ. ಆ ತಿಳಿವಳಿಕೆಯಲ್ಲಿ ನಮ್ಮ ಉಪಯೋಗಕ್ಕೆ ಬರುವ ಸಂಗತಿಗಳೂ ಇವೆ. ದುಡ್ಡು ಕೊಟ್ಟು ತಂದ ಟ್ರೈಕೋಡರ್ಮವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಎರಚಿದರೆ ಆ ದುಡ್ಡು ಏಕೆ ವ್ಯರ್ಥವಾಗುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಬೆಳಕು ಆಹಾರವಲ್ಲ, ಸುದ್ದಿ

ಕಬ್ಬಿನ ಗರಿಗೆ ಬಿಸಿಲೇ ಬಂಡವಾಳ. ಗರಿಯೊಳಗಿನ ಹಸಿರು ವಸ್ತು ಬಿಸಿಲನ್ನು ಹಿಡಿದು, ಬೇರು ತಂದ ನೀರನ್ನೂ ಗಾಳಿಯ ಇಂಗಾಲಾಮ್ಲವನ್ನೂ ಕೂಡಿಸಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯೇ ಜಲ್ಲೆಯಲ್ಲಿ ತುಂಬಿ ಕಾರ್ಖಾನೆಯ ತೂಕದ ಸೇತುವೆಗೆ ಬರುತ್ತದೆ. ಶಿಲೀಂಧ್ರಕ್ಕೆ ಈ ಹಸಿರಿಲ್ಲ. ಅದು ತನ್ನ ಅಡಿಗೆಯನ್ನು ತಾನೇ ಮಾಡಿಕೊಳ್ಳಲಾರದು. ತರಗು, ಸಗಣಿ, ಕೊಳೆತ ಮರ, ಇಲ್ಲವೇ ಬದುಕಿರುವ ಗಿಡ, ಇವುಗಳಿಂದಲೇ ಅದರ ಊಟ. ಹಾಗಿದ್ದ ಮೇಲೆ ಅದಕ್ಕೆ ಬೆಳಕಿನಿಂದ ಆಗಬೇಕಾದದ್ದೇನು?

ಶಿಲೀಂಧ್ರವು ತನ್ನ ಆಯುಷ್ಯದ ಹೆಚ್ಚು ಭಾಗವನ್ನು ಕೂದಲಿಗಿಂತ ತೆಳುವಾದ ಎಳೆಗಳ ರೂಪದಲ್ಲಿ, ಆಹಾರದ ಒಳಗೆ, ಕತ್ತಲೆಯಲ್ಲಿ ಕಳೆಯುತ್ತದೆ. ಆಹಾರ ಮುಗಿಯುವುದರೊಳಗೆ ಬೀಜಕಣಗಳನ್ನು ಮಾಡಿ ಬೇರೆಡೆಗೆ ಕಳುಹಿಸಬೇಕು. ಈ ಕಣಗಳನ್ನು ಮರದ ಒಳಗೋ ಮಣ್ಣಿನ ಆಳದಲ್ಲೋ ಮಾಡಿದರೆ ಅವು ಇದ್ದಲ್ಲೇ ಉಳಿಯುತ್ತವೆ. ಗಾಳಿಗೆ ಸೇರಬೇಕಾದರೆ ಬಯಲಿಗೆ ಬಂದೇ ಮಾಡಬೇಕು. ತಾನು ಬಯಲಿಗೆ ಬಂದಿದ್ದೇನೆ ಎಂದು ಕಣ್ಣು, ಕಿವಿ, ಮಿದುಳು ಯಾವುದೂ ಇಲ್ಲದ ಜೀವಿಗೆ ಗೊತ್ತಾಗುವುದು ಹೇಗೆ? ಬೆಳಕಿನಿಂದ.

ಆದ್ದರಿಂದ ಬೆಳಕು ಗಿಡಕ್ಕೆ ಊಟವಾದರೆ ಬೂಷ್ಟಿಗೆ ಸುದ್ದಿ. ಅದು ತರುವ ಸುದ್ದಿ ನಾಲ್ಕು ಬಗೆಯದು. ಮೇಲೆ ಬಯಲಿದೆ, ಕಣ ಕಟ್ಟು ಎಂಬುದು ಒಂದು. ಬಯಲು ಇರುವುದು ಇಂಥ ದಿಕ್ಕಿನಲ್ಲಿ ಎಂಬುದು ಎರಡು. ಈಗ ಹಗಲು, ಈಗ ರಾತ್ರಿ ಎಂಬುದು ಮೂರು. ಬಿಸಿಲಿನ ಪೆಟ್ಟು ಬೀಳಲಿದೆ, ರಕ್ಷಣೆ ಮಾಡಿಕೋ ಎಂಬುದು ನಾಲ್ಕು. ಈ ಸುದ್ದಿಗೆ ಹೆಚ್ಚು ಬೆಳಕೂ ಬೇಕಾಗಿಲ್ಲ. ಫೈಕೋಮೈಸಿಸ್ ಎಂಬ ಬೂಷ್ಟು ಬೆಳಕಿನತ್ತ ಬಾಗುವುದರಲ್ಲಿ ಮನುಷ್ಯನ ಕಣ್ಣಿಗೆ ಸರಿಗಟ್ಟುವಷ್ಟು ಸೂಕ್ಷ್ಮ. 1969ರಲ್ಲಿ ನೊಬೆಲ್ ಬಹುಮಾನ ಪಡೆದ ಮ್ಯಾಕ್ಸ್ ಡೆಲ್‌ಬ್ರೂಕ್ ಅವರು ಈ ಒಂದು ಬೂಷ್ಟಿನ ಅಭ್ಯಾಸಕ್ಕೆ ಹಲವಾರು ವರ್ಷಗಳನ್ನು ಮೀಸಲಿಟ್ಟಿದ್ದರು.

ಕಾಟ್ಟಿಕುಳಂ ದಾರಿಯ ಸಗಣಿಯಲ್ಲಿ

ಮೊದಲು ಕಣ್ಣಿಗೆ ಕಾಣುವ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೈಸೂರಿನಿಂದ ಹೆಗ್ಗಡದೇವನಕೋಟೆಯ ಮೇಲೆ ಬಾವಲಿ ದಾಟಿ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಕಾಟ್ಟಿಕುಳಂ ಎಂಬ ಊರಿದೆ. ವಯನಾಡು ಜಿಲ್ಲೆಯ ತಿರುನೆಲ್ಲಿ ಪಂಚಾಯಿತಿಗೆ ಸೇರಿದ್ದು. ಇಲ್ಲಿಂದ ಒಂದು ದಾರಿ ಬಾವಲಿಗೂ ಇನ್ನೊಂದು ತೋಲ್ಪೆಟ್ಟಿಯ ಮೇಲೆ ಕೊಡಗಿನ ಕುಟ್ಟಕ್ಕೂ ಕವಲೊಡೆಯುತ್ತದೆ. ಸುತ್ತ ಕಾಡು, ಕಾಡಿನ ಅಂಚಿಗೆ ಕಾಫಿ, ಮೆಣಸು, ಶುಂಠಿ. ಗಡಿಯ ಈಚೆಯ ನಮ್ಮವರಿಗೆ ಈ ದಾರಿ ಹೊಸದಲ್ಲ.

ಇಂಥ ಕಡೆ ಆನೆ, ಜಿಂಕೆ, ಕಾಟಿಗಳ ಹಸಿ ಲದ್ದಿಯ ಮೇಲೆ ಮಳೆಗಾಲದಲ್ಲಿ ಬೆಳೆಯುವ ಬೂಷ್ಟುಗಳಲ್ಲಿ ಪೈಲೋಬೋಲಸ್ ಎಂಬುದು ಒಂದು. ಊರ ದನದ ಸಗಣಿಯಲ್ಲಿಯೂ ಇದು ಬರುತ್ತದೆ. ಹೆಸರಿನ ಅರ್ಥ 'ಟೋಪಿ ಎಸೆಯುವವನು' ಎಂದು. ಗಾಜಿನಂತೆ ಪಾರದರ್ಶಕವಾದ ಪುಟ್ಟ ಕಡ್ಡಿ. ಕಡ್ಡಿಯ ತುದಿಯಲ್ಲಿ ನೀರು ತುಂಬಿದ ಗುಳ್ಳೆ. ಗುಳ್ಳೆಯ ನೆತ್ತಿಯ ಮೇಲೆ ಬೀಜಕಣ ತುಂಬಿದ ಕರಿ ಟೋಪಿ.

ಈ ಬೂಷ್ಟಿಗೆ ಒಂದು ಕಷ್ಟವಿದೆ. ಇದರ ಕಣಗಳು ಪಶುವಿನ ಹೊಟ್ಟೆಯನ್ನು ಹಾದುಬಂದು ಹೊಸ ಸಗಣಿಯಲ್ಲಿ ಮೊಳೆಯಬೇಕು. ಆದರೆ ಯಾವ ಪಶುವೂ ಸಗಣಿಯ ಪಕ್ಕದ ಹುಲ್ಲನ್ನು ಮೇಯುವುದಿಲ್ಲ. ಆದ್ದರಿಂದ ಕಣಗಳನ್ನು ದೂರದ ಹುಲ್ಲಿಗೆ ಮುಟ್ಟಿಸಬೇಕು. ಬಯಲು ಯಾವ ಕಡೆಗಿದೆ ಎಂಬುದನ್ನು ಅದು ಬೆಳಕಿನಿಂದ ಕಂಡುಕೊಳ್ಳುತ್ತದೆ. ಗುಳ್ಳೆಯು ಭೂತಗನ್ನಡಿಯಂತೆ ಬೆಳಕನ್ನು ಒಂದೆಡೆ ಕೂಡಿಸುತ್ತದೆ. ಆ ಬೆಳಕು ಗುಳ್ಳೆಯ ಬುಡದಲ್ಲಿರುವ ಕಿತ್ತಳೆ ಬಣ್ಣದ ಜಾಗದ ಮೇಲೆ ಸಮನಾಗಿ ಬೀಳುವವರೆಗೆ ಕಡ್ಡಿ ಬಾಗುತ್ತದೆ. ಬೆಳಗಿನ ಹೊತ್ತು ಗುಳ್ಳೆಯ ಒಳಗಿನ ಒತ್ತಡ ಏರಿ ಅದು ಒಡೆಯುತ್ತದೆ, ಟೋಪಿ ಹಾರುತ್ತದೆ. ಅದರ ವೇಗ ಸೆಕೆಂಡಿಗೆ ಸರಾಸರಿ 9 ಮೀಟರ್ ಎಂದು 2008ರಲ್ಲಿ ಅತಿವೇಗದ ಕ್ಯಾಮರಾ ಇಟ್ಟು ಅಳೆದಿದ್ದಾರೆ. ಆರು ಅಡಿ ದೂರ ಹೋಗಿ ಬೀಳುವುದು ಇದಕ್ಕೆ ದೊಡ್ಡ ಮಾತಲ್ಲ. ಕೆನಡಾದ ಬುಲ್ಲರ್ ಎಂಬ ವಿಜ್ಞಾನಿ ಇದರ ಗುರಿಕಾರಿಕೆಯನ್ನು ವಿವರವಾಗಿ ಪರೀಕ್ಷಿಸಿ 1934ರಲ್ಲಿಯೇ ಬರೆದಿಟ್ಟಿದ್ದಾರೆ.

ಇದನ್ನು ನಿಮ್ಮ ಮನೆಯಲ್ಲಿಯೇ ಮಕ್ಕಳಿಗೆ ತೋರಿಸಬಹುದು. ಮೇಯುವ ದನದ ಹಸಿ ಸಗಣಿಯನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತಟ್ಟೆಯ ಮೇಲಿಟ್ಟು ತೇವ ಆರದಂತೆ ನೋಡಿಕೊಳ್ಳಿ. ಪೆಟ್ಟಿಗೆಯ ಒಂದು ಪಕ್ಕಕ್ಕೆ ಮಾತ್ರ ನಾಲ್ಕಾಣೆ ಅಗಲದ ಕಿಂಡಿ ಕೊರೆದು, ಗಾಜಿನ ಚೂರು ಅಂಟಿಸಿ, ಕಿಂಡಿ ಬೆಳಕಿಗೆ ಮುಖ ಮಾಡುವಂತೆ ಇಡಿ. ಒಂದು ವಾರದೊಳಗೆ ಬೂಷ್ಟು ಎದ್ದರೆ ಗಾಜಿನ ಮೇಲೂ ಅದರ ಸುತ್ತಲೂ ಕರಿ ಚುಕ್ಕೆಗಳು ಗುಂಪಾಗಿ ಬಿದ್ದಿರುವುದನ್ನು ಕಾಣುವಿರಿ. ಉಳಿದ ಗೋಡೆಗಳಲ್ಲಿ ಚುಕ್ಕೆಗಳು ವಿರಳ.

ಕತ್ತಲೆಯಲ್ಲಿ ಮೊಳೆಯುವ ತುಕ್ಕು

ಬೆಳಕು ಎಲ್ಲ ಶಿಲೀಂಧ್ರಗಳಿಗೂ 'ಹೊರಡು' ಎಂದೇ ಹೇಳುವುದಿಲ್ಲ. ಕೆಲವಕ್ಕೆ 'ತಡೆ' ಎಂದೂ ಹೇಳುತ್ತದೆ. ಇದಕ್ಕೂ ಉದಾಹರಣೆ ಕಾಟ್ಟಿಕುಳಂನಂಥ ಕಾಫಿ ನಾಡಿನಲ್ಲಿಯೇ ಇದೆ. ಕಾಫಿ ಎಲೆಯ ತುಕ್ಕು ರೋಗ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿ ಬೇಸಾಯವನ್ನೇ ಹಾಳುಗೆಡವಿತು. ಬೇಗನೆ ದಕ್ಷಿಣ ಭಾರತಕ್ಕೂ ಬಂತು. ಇಂದು ವಯನಾಡಿನಲ್ಲಿ ಹೆಚ್ಚಾಗಿ ಇರುವುದು ರೊಬಸ್ಟ. ಅರೇಬಿಕಕ್ಕಿಂತ ಅದು ತುಕ್ಕನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಈ ತುಕ್ಕಿನ ಕಣ ಎಲೆಯ ಅಡಿಭಾಗದಲ್ಲಿ ಬಿದ್ದು, ಅಲ್ಲಿನ ಉಸಿರುರಂಧ್ರಗಳ ಮೂಲಕ ಒಳಹೊಗುತ್ತದೆ. ಮೊಳೆಯಲು ಎಲೆಯ ಮೇಲೆ ನೀರಿನ ಹನಿ ಬೇಕು. ಪ್ರಖರ ಬೆಳಕಿದ್ದರೆ ಅದರ ಮೊಳಕೆಗೆ ತಡೆಯಾಗುತ್ತದೆ. ಇದರ ಔಚಿತ್ಯ ನಿಮಗೆ ಸುಲಭವಾಗಿ ಹೊಳೆಯುತ್ತದೆ. ಹಗಲಿನ ಹನಿ ಗಳಿಗೆಯಲ್ಲಿ ಆರಿಹೋಗುತ್ತದೆ. ಅರ್ಧ ಮೊಳೆತ ಕಣ ಒಣಗಿ ಸಾಯುತ್ತದೆ. ರಾತ್ರಿಯ ಹನಿ ಬೆಳಗಿನವರೆಗೂ ನಿಲ್ಲುತ್ತದೆ. ಆದ್ದರಿಂದ ಕತ್ತಲೆಯನ್ನು ನೋಡಿ ಮೊಳೆಯುವ ಕಣವೇ ಬಾಳುತ್ತದೆ.

ಇದನ್ನು ಓದಿ ತೋಟದ ನೆರಳು ಮರಗಳನ್ನೆಲ್ಲ ಕಡಿದರೆ ತುಕ್ಕು ಹೋಗುತ್ತದೆ ಎಂದು ಯಾರೂ ತಿಳಿಯಬಾರದು. ರಾತ್ರಿ ಎಲ್ಲ ತೋಟಕ್ಕೂ ಬರುತ್ತದೆ. ಎಲೆ ಒದ್ದೆಯಾಗಿದ್ದರೆ ತುಕ್ಕಿಗೆ ಅಷ್ಟು ಸಾಕು. ಗಾಳಿಯಾಡಿ ಎಲೆ ಬೇಗ ಆರುವಂತೆ ಕಸಿ ಮಾಡುವುದು, ಬೋರ್ಡೋ ದ್ರಾವಣವನ್ನು ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸುವುದು, ಇವೇ ಸರಿಯಾದ ದಾರಿ.

ಕಬ್ಬಿನ ತುಕ್ಕು ರೋಗಕ್ಕೂ ಗರಿ ಬಹಳ ಹೊತ್ತು ಒದ್ದೆಯಾಗಿರಬೇಕು. ಇಬ್ಬನಿ ಬೀಳುವ ರಾತ್ರಿಗಳು ಅದಕ್ಕೆ ಅನುಕೂಲ. ಆದರೆ ಇಬ್ಬನಿಯನ್ನು ನಾವು ತಡೆಯಲಾರೆವು. ಕಬ್ಬಿನಲ್ಲಿ ತುಕ್ಕಿಗೆ ನಿಜವಾದ ಮದ್ದು ತಳಿಯ ಆಯ್ಕೆ. 1979-80ರಲ್ಲಿ ಕ್ಯೂಬಾ ದೇಶದಲ್ಲಿ ಬಿ 4362 ಎಂಬ ಒಂದೇ ತಳಿ ವಿಸ್ತಾರವಾದ ಪ್ರದೇಶದಲ್ಲಿ ಇದ್ದುದರಿಂದ ತುಕ್ಕು ಹೊಕ್ಕು ಭಾರಿ ನಷ್ಟವಾಯಿತು. ಒಂದೇ ತಳಿಯನ್ನು ಊರಿಗೆ ಊರೇ ಹಾಕಬೇಡಿ ಎಂದು ನಾವು ಹೇಳುವುದು ಇದಕ್ಕಾಗಿಯೇ.

ಮತ್ತೆ ಕಿತ್ತಳೆ ಪುಡಿಯ ಕಡೆಗೆ

ಈಗ ಸುಟ್ಟ ಗದ್ದೆಗೆ ಮರಳೋಣ. ಅಲ್ಲಿ ಕಂಡ ಬೂಷ್ಟಿನ ಹೆಸರು ನ್ಯೂರೋಸ್ಪೋರ. ಇದರ ಅಭ್ಯಾಸಕ್ಕೂ ಕಬ್ಬಿಗೂ ಹಳೆಯ ನಂಟು. ಡಚ್ಚರ ಕಾಲದಲ್ಲಿ ಜಾವಾ ದ್ವೀಪದ ಕಬ್ಬಿನ ಸಂಶೋಧನಾ ಕೇಂದ್ರದಲ್ಲಿದ್ದ ವೆಂಟ್ ಎಂಬ ವಿಜ್ಞಾನಿ 1893ರಲ್ಲಿ ಕಬ್ಬಿನ ಕೆಂಪು ಕೊಳೆ ರೋಗವನ್ನು ಮೊದಲ ಬಾರಿಗೆ ವರ್ಣಿಸಿದರು. ಜಾವಾದ ಜನ ಕಡಲೆಕಾಯಿ ಹಿಂಡಿಗೆ ಈ ಕಿತ್ತಳೆ ಬೂಷ್ಟನ್ನು ಹಿಡಿಸಿ 'ಒಂಚೊಮ್' ಎಂಬ ತಿಂಡಿ ಮಾಡುತ್ತಾರೆ. ವೆಂಟ್ ಅವರು ಆ ಬೂಷ್ಟನ್ನೂ ಪರೀಕ್ಷಿಸಿದರು. ಅದರ ಕಿತ್ತಳೆ ಬಣ್ಣದ ಮೇಲೆ ಬೆಳಕಿನ ಪರಿಣಾಮವೇನೆಂದು 1904ರಲ್ಲಿಯೇ ಪ್ರಕಟಿಸಿದರು. ಕತ್ತಲೆಯಲ್ಲಿ ಬೆಳೆಸಿದ ಎಳೆಗಳು ಬಿಳಿ. ಬೆಳಕಿಗೆ ತಂದರೆ ಕೆಲವೇ ಗಂಟೆಗಳಲ್ಲಿ ಕಿತ್ತಳೆ. ಬೀಜಕಣಗಳಿಗೆ ಈ ಬಣ್ಣ ಕತ್ತಲೆಯಲ್ಲಿಯೂ ಬರುತ್ತದೆ; ಎಳೆಗಳಿಗೆ ಮಾತ್ರ ಬೆಳಕಿನ ಅಪ್ಪಣೆ ಬೇಕು. ಈ ಬಣ್ಣ ಗಜ್ಜರಿಯ ಬಣ್ಣದ ಜಾತಿಯದು. ಬೆಳಕಿನಿಂದಾಗುವ ಹಾನಿಯನ್ನು ತಡೆಯಲು ಬೂಷ್ಟು ಹೊದೆಯುವ ಕೊಡೆ ಎನ್ನಬಹುದು.

ನಮ್ಮ ನಾಡಿನಲ್ಲಿಯೂ ಇದರ ಅಭ್ಯಾಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಮಹೇಶ್ವರಿ ಮತ್ತು ಅರುಣಿಕಾ ಪಂಡಿತ್ ಅವರು ಸುಟ್ಟ ಕಬ್ಬಿನ ಗದ್ದೆಯಲ್ಲಿ ಈ ಬೂಷ್ಟಿನ ಜೀವನಕ್ರಮವನ್ನು ಹಂತಹಂತವಾಗಿ ನೋಡಿ 1996ರಲ್ಲಿ ಪ್ರಕಟಿಸಿದರು. ಮಂಡ್ಯ ಜಿಲ್ಲೆಯ ಮದ್ದೂರಿನ ಕಬ್ಬಿನಿಂದ 1991ರಲ್ಲಿ ಸಂಗ್ರಹಿಸಿದ ತಳಿಗಳು ಊರ ಹೆಸರಿನಿಂದಲೇ ವಿಜ್ಞಾನ ಲೋಕದಲ್ಲಿ ಪರಿಚಿತವಾಗಿವೆ. ಗದ್ದೆಯಲ್ಲಿ ಹೆಚ್ಚಾಗಿ ಸಿಕ್ಕಿದ್ದು ನ್ಯೂರೋಸ್ಪೋರ ಇಂಟರ್‌ಮೀಡಿಯ. ಒಂಚೊಮ್ ತಿಂಡಿಯದೂ ಇದೇ ಜಾತಿ.

ಬೆಂಕಿಯ ನಂತರವೇ ಇದು ಏಕೆ ಬರುತ್ತದೆ? ಇದಕ್ಕೆ ಎರಡು ಬಗೆಯ ಬೀಜಕಣಗಳಿವೆ. ಗಾಳಿಗೆ ಹಾರುವ ಕಿತ್ತಳೆ ಕಣ ಒಂದು. ಅದು ಬಿಸಿಗೆ ಸಾಯುತ್ತದೆ. ದಪ್ಪ ಗೋಡೆಯ ಕರಿ ಕಣ ಇನ್ನೊಂದು; ಅದು ಮಣ್ಣಿನಲ್ಲಿ ನಿದ್ರಿಸುತ್ತ ಕಾಯುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಎಬ್ಬಿಸಲು 60 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅರ್ಧ ಗಂಟೆ ಇಡುತ್ತಾರೆ. ಗದ್ದೆಯಲ್ಲಿ ಆ ಕೆಲಸವನ್ನು ನಾವು ಹಚ್ಚಿದ ಬೆಂಕಿಯೇ ಮಾಡುತ್ತದೆ. ಬೆಂಕಿಯಿಂದ ಬೇರೆ ಜೀವಿಗಳು ಸತ್ತಿರುತ್ತವೆ, ಬೆಂದ ಮೋಟಿನಲ್ಲಿ ಸಿಹಿ ಇರುತ್ತದೆ. ಎದ್ದ ಬೂಷ್ಟು ಒಳಗೆ ತಿಂದು, ಹೊರಗೆ ಬಂದು ಪುಡಿಗಟ್ಟುತ್ತದೆ.

ಇದು ರೋಗವಲ್ಲ ಎಂದೆ. ಹಾಗಾದರೆ ರೋಗವನ್ನು ಗುರುತಿಸುವುದು ಹೇಗೆ? ಜಲ್ಲೆಯನ್ನು ಉದ್ದಕ್ಕೆ ಸೀಳಿದಾಗ ಕೆಂಪಾಗಿದ್ದು, ಕೆಂಪಿನ ನಡುವೆ ಅಡ್ಡಡ್ಡ ಬಿಳಿ ಪಟ್ಟಿಗಳಿದ್ದು, ಹುಳಿ ವಾಸನೆ ಬಂದರೆ ಅದು ಕೆಂಪು ಕೊಳೆ. ಸುಳಿಯಿಂದ ಕರಿ ಚಾಟಿ ಹೊರಟರೆ ಅದು ಕಾಡಿಗೆ ರೋಗ. ಈ ಎರಡರಲ್ಲಿ ಯಾವುದು ಕಂಡರೂ ತಡಮಾಡದೆ ತಿಳಿಸಬೇಕು. ಸುಟ್ಟ ಮೋಟಿನ ಕಿತ್ತಳೆ ಪುಡಿಗೆ ಚಿಂತೆ ಬೇಡ.

ಬೆಳಕನ್ನು ಹಿಡಿಯುವ ಕೊಂಡಿ

ಬೂಷ್ಟಿನ ಒಳಗೆ ಬೆಳಕನ್ನು ಹಿಡಿಯುವುದು ಯಾವುದು? ನ್ಯೂರೋಸ್ಪೋರದ ಕೆಲವು ತಳಿಗಳಲ್ಲಿ ಕಣ ಮಾತ್ರ ಕಿತ್ತಳೆ, ಕೆಳಗಿನ ಎಳೆ ಬೆಳಕಿನಲ್ಲಿಯೂ ಬಿಳಿಯಾಗಿಯೇ ಉಳಿಯುತ್ತದೆ. ಅಂಗಿಗೆ ಬಿಳಿ ಕಾಲರ್ ಹಾಕಿದಂತೆ ಕಾಣುವುದರಿಂದ ಅವಕ್ಕೆ 'ವೈಟ್ ಕಾಲರ್' ಎಂದು ಹೆಸರು. ಅವುಗಳಲ್ಲಿ ಕೆಟ್ಟಿರುವ ವಂಶವಾಹಿಯನ್ನು ಹುಡುಕಿ 1996ರಲ್ಲಿ ಬೇರ್ಪಡಿಸಿದರು. ಅದು ಮಾಡುವ ಸಸಾರಜನಕವೇ ಬೆಳಕನ್ನು ಹಿಡಿಯುವ ಕೊಂಡಿ ಎಂದು 2002ರಲ್ಲಿ ಖಚಿತವಾಯಿತು.

ಈ ಕೊಂಡಿಯಲ್ಲಿ ಬಿ-2 ಜೀವಸತ್ವದಿಂದಾದ ಒಂದು ಹಳದಿ ವಸ್ತು ಕೂತಿರುತ್ತದೆ. ಬಿಸಿಲಿನ ಏಳು ಬಣ್ಣಗಳಲ್ಲಿ ನೀಲಿಯನ್ನು ಅದು ಹೀರುತ್ತದೆ. ಹೀರಿದ ಕೂಡಲೆ ಕೊಂಡಿಯ ಆಕಾರ ಬದಲಾಗಿ, ನೂರಾರು ವಂಶವಾಹಿಗಳಿಗೆ 'ಕೆಲಸ ಆರಂಭಿಸಿ' ಎಂಬ ಆಜ್ಞೆ ಹೋಗುತ್ತದೆ. ಬಣ್ಣ ಮಾಡುವುದು, ಕಣ ಕಟ್ಟುವುದು ಅದರಿಂದ. ಇನ್ನೊಂದು ಸಸಾರಜನಕ ಈ ಆಜ್ಞೆ ಅತಿಯಾಗದಂತೆ ತಗ್ಗಿಸುತ್ತದೆ. ದಿನದ ಲೆಕ್ಕವನ್ನೂ ಇದೇ ಬೂಷ್ಟು ಇಡುತ್ತದೆ. ಪೂರ್ತಿ ಕತ್ತಲೆಯಲ್ಲಿಟ್ಟರೂ ಸುಮಾರು 22 ಗಂಟೆಗೊಮ್ಮೆ ಕಣ ಕಟ್ಟುವ ಸರದಿ ಬರುತ್ತದೆ. ಬೆಳಗಿನ ಬೆಳಕು ಈ ಗಡಿಯಾರವನ್ನು ದಿನದಿನವೂ ಸರಿಪಡಿಸುತ್ತದೆ. ಇದೇ ಬಗೆಯ ಕೊಂಡಿ ಬಹಳಷ್ಟು ಶಿಲೀಂಧ್ರಗಳಲ್ಲಿದೆ. ಕೆಲವು, ಆಸ್ಪರ್ಜಿಲಸ್‌ನಂಥವು, ಗಿಡಗಳಂತೆ ಕೆಂಪು ಬೆಳಕನ್ನೂ ಬೇರೊಂದು ಕೊಂಡಿಯಿಂದ ಗುರುತಿಸುತ್ತವೆ.

ಟ್ರೈಕೋಡರ್ಮ ಬಳಸುವವರಿಗೆ

ನಮಗೆ ಅತ್ಯಂತ ಉಪಯೋಗವಾದ ಮಾತು ಇಲ್ಲಿದೆ. ಟ್ರೈಕೋಡರ್ಮ ನಮ್ಮ ಮಿತ್ರ ಶಿಲೀಂಧ್ರ. ಇದನ್ನು ಕಬ್ಬಿನ ಸಾಲಿಗೂ, ವಯನಾಡಿನ ಕಡೆ ಮೆಣಸಿನ ಬುಡಕ್ಕೂ ಶುಂಠಿಯ ಪಾತಿಗೂ ಕೊಡುತ್ತಾರೆ. ಕತ್ತಲೆಯಲ್ಲಿ ಇದು ಬಿಳಿ ಎಳೆಯಾಗಿ ಹರಡುತ್ತ ಹೋಗುತ್ತದೆ. ಹರಡುತ್ತಿರುವಾಗ ಒಮ್ಮೆ ಸ್ವಲ್ಪ ಹೊತ್ತು ನೀಲಿ ಬೆಳಕು ಬಿದ್ದರೆ, ಆ ಗಳಿಗೆಯಲ್ಲಿ ಅಂಚು ಎಲ್ಲಿತ್ತೋ ಅಲ್ಲಿ ಉಂಗುರದಂತೆ ಹಸಿರು ಬೀಜಕಣಗಳು ಕಟ್ಟುತ್ತವೆ. ಇದರಲ್ಲಿಯೂ ಇರುವುದು ವೈಟ್ ಕಾಲರ್ ಜಾತಿಯ ಕೊಂಡಿಯೇ ಎಂದು 2004ರಲ್ಲಿ ತಿಳಿಯಿತು.

ಹಾಗಾದರೆ ಬಿಸಿಲಿಗೆ ಹಾಕಿದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಕಣ ಕಟ್ಟಲು ಬೇಕಾದದ್ದು ಸುದ್ದಿಯಷ್ಟು ಬೆಳಕು; ಅದಕ್ಕೆ ಕೊಟ್ಟಿಗೆಯ ನೆರಳಿನ ಬೆಳಕು ಧಾರಾಳ. ನೇರ ಬಿಸಿಲಿನಲ್ಲಿರುವ ಅತಿನೇರಿಳೆ ಕಿರಣ, ಶಾಖ ಮತ್ತು ಒಣಹವೆ ಕಣಗಳನ್ನು ಕೊಲ್ಲುತ್ತವೆ. ಆದ್ದರಿಂದ ಈ ಕೆಳಗಿನಂತೆ ನಡೆದುಕೊಳ್ಳಿ.

1. 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮ ಬೆರೆಸಿ. ಪೊಟ್ಟಣದ ಮೇಲಿನ ಅವಧಿ ಮುಗಿದಿದ್ದರೆ ಕೊಳ್ಳಬೇಡಿ.

2. ರಾಶಿಯನ್ನು ಮರದ ಅಥವಾ ಚಪ್ಪರದ ನೆರಳಿನಲ್ಲಿ ಹಾಕಿ, ನೀರು ಚಿಮುಕಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ವಾರ ಬಿಡಿ. ಒಳಗಿನ ಕತ್ತಲೆಯಲ್ಲಿ ಎಳೆ ಹರಡುತ್ತದೆ.

3. ಮೂರು ನಾಲ್ಕು ದಿನಕ್ಕೊಮ್ಮೆ ರಾಶಿಯನ್ನು ಮಗುಚಿ. ಗಾಳಿಯೂ ನೆರಳಿನ ಬೆಳಕೂ ಎಳೆಗಳಿಗೆ ಮುಟ್ಟುತ್ತವೆ.

4. ಗದ್ದೆಗೆ ಕೊಡುವುದು ಸಂಜೆ, ತೇವವಿರುವ ಮಣ್ಣಿಗೆ. ಕೊಟ್ಟ ಕೂಡಲೆ ಮಣ್ಣು ಎಳೆಯಿರಿ. ಒಣ ಮಣ್ಣಿನ ಮೇಲೆ ಬಿಸಿಲಿಗೆ ಬಿಟ್ಟರೆ ಕೊಟ್ಟದ್ದು ಲೆಕ್ಕಕ್ಕಿಲ್ಲ.

5. ಬಿತ್ತನೆ ತುಂಡುಗಳನ್ನು ಕಾರ್ಬೆಂಡಜಿಂ ದ್ರಾವಣದಲ್ಲಿ ಅದ್ದಿ ನೆಡುವವರು ಅದರೊಡನೆ ಟ್ರೈಕೋಡರ್ಮ ಸೇರಿಸಬಾರದು. ಆ ಔಷಧಿಗೆ ಮಿತ್ರ ಯಾರು, ಶತ್ರು ಯಾರು ಎಂಬ ಭೇದವಿಲ್ಲ.

ಟ್ರೈಕೋಡರ್ಮ ಇದೆಯೆಂದು ರೋಗವಿಲ್ಲದ ಬಿತ್ತನೆಯನ್ನು ಆರಿಸುವ ಕೆಲಸವನ್ನು ಬಿಡುವಂತಿಲ್ಲ. ಕೆಂಪು ಕೊಳೆ ಹತ್ತಿದ ಜಲ್ಲೆಯನ್ನು ಬಿತ್ತನೆಗೆ ಬಳಸಿದರೆ ಯಾವ ಪುಡಿಯೂ ಕಾಪಾಡಲಾರದು.

ಅಣಬೆ ಬೆಳೆಯುವ ಹೆಣ್ಣುಮಕ್ಕಳಿಗೆ

ಕಬ್ಬಿನ ತರಗು ಮತ್ತು ಸಿಪ್ಪೆಯ ಮೇಲೆ ಚಿಪ್ಪಣಬೆ ಬರುತ್ತದೆ. ಬೀಜ ಹಾಕಿದ ಚೀಲಗಳನ್ನು ಮೊದಲ 15ರಿಂದ 20 ದಿನ ಕತ್ತಲೆಯ ಕೋಣೆಯಲ್ಲಿಡಬೇಕು. ಎಳೆ ಹರಡಿ ಚೀಲ ಬೆಳ್ಳಗಾಗುತ್ತದೆ. ಆಮೇಲೆ ಕಿಟಕಿಯಿಂದ ಹಗಲ ಬೆಳಕು ಬರುವ, ಬಿಸಿಲು ಬೀಳದ ಕೋಣೆಗೆ ತರಬೇಕು. ಕತ್ತಲೆಯಲ್ಲೇ ಬಿಟ್ಟರೆ ಅಣಬೆಗೆ ಉದ್ದ ಕಾಲು, ಸಣ್ಣ ಕೊಡೆ. ಗಾಳಿ ಸಾಲದಿದ್ದರೂ ಹೀಗೆಯೇ ಆಗುವುದರಿಂದ ಎರಡನ್ನೂ ನೋಡಿಕೊಳ್ಳಬೇಕು.

ಕೊನೆಯದಾಗಿ ತರಗಿನ ಮಾತು. ಕಿತ್ತಳೆ ಪುಡಿಯಿಂದ ಕೂಳೆಗೆ ಕೇಡಿಲ್ಲ. ಅದನ್ನು ಎಬ್ಬಿಸಿದ ಬೆಂಕಿಯಿಂದ ಕೇಡಿದೆ. ಮಣ್ಣಿಗೆ ಸೇರಬೇಕಾದ ಸಾವಯವ ವಸ್ತುವೂ ಸಾರಜನಕವೂ ಹೊಗೆಯಾಗಿ ಹೋಗುತ್ತವೆ. ತರಗನ್ನು ಸಾಲುಗಳ ನಡುವೆ ಹರಡಿ ತೇವ ಮಾಡಿದರೆ, ಅದರಡಿಯ ಕತ್ತಲೆಯಲ್ಲಿ ನಾನಾ ಬಗೆಯ ಬೂಷ್ಟುಗಳು ನಿಮಗಾಗಿ ಕೂಲಿಯಿಲ್ಲದೆ ದುಡಿದು ಗೊಬ್ಬರ ಮಾಡುತ್ತವೆ. ಈ ಸಲದ ಕಟಾವಿನ ನಂತರ ಎಲ್ಲ ಗದ್ದೆಗೆ ಆಗದಿದ್ದರೂ ಕಾಲು ಎಕರೆಯಲ್ಲಾದರೂ ತರಗು ಸುಡದೆ ನೋಡಿ. ಗರಿಯಲ್ಲಾಗಲಿ ಜಲ್ಲೆಯಲ್ಲಾಗಲಿ ಸಂಶಯ ಬರುವಂಥದ್ದು ಕಂಡರೆ, ಔಷಧಿ ಅಂಗಡಿಗೆ ಹೋಗುವ ಮುಂಚೆ ನಿಮ್ಮ ವಲಯದ ಫೀಲ್ಡ್‌ಮನ್‌ಗೆ ತೋರಿಸಿ, ಇಲ್ಲವೇ ಒಂದು ಜಲ್ಲೆಯನ್ನು ಬುಡಸಹಿತ ಕಿತ್ತು ಕಬ್ಬು ವಿಭಾಗದ ಕಚೇರಿಗೆ ತನ್ನಿ.